ಕರೆಯದೆ ಕೋರ್ಟಿಗೆ ಬಂದವರು

1953ರ ಜೂನ್ ತಿಂಗಳು. ಅಮೆರಿಕದ ಸುಪ್ರೀಂ ಕೋರ್ಟು ಬೇಸಿಗೆ ರಜೆಗೆ ಬಾಗಿಲು ಹಾಕಿಕೊಂಡಿತ್ತು. ನ್ಯೂಯಾರ್ಕ್ ರಾಜ್ಯದ ಸಿಂಗ್ ಸಿಂಗ್ ಜೈಲಿನಲ್ಲಿ ಜೂಲಿಯಸ್ ಮತ್ತು ಎಥೆಲ್ ರೋಸೆನ್‌ಬರ್ಗ್ ಎಂಬ ಗಂಡ ಹೆಂಡತಿ ಸಾವಿನ ದಿನ ಎಣಿಸುತ್ತಿದ್ದರು. ಅಣುಬಾಂಬಿನ ಗುಟ್ಟನ್ನು ಸೋವಿಯತ್ ರಷ್ಯಾಕ್ಕೆ ಸಾಗಿಸುವ ಸಂಚು ಮಾಡಿದರು ಎಂಬ ಕೇಸಿನಲ್ಲಿ 1951ರಲ್ಲೇ ಇಬ್ಬರಿಗೂ ಮರಣದಂಡನೆ ಆಗಿತ್ತು. ಅಲ್ಲಿಂದ ಮುಂದೆ ಹಾಕಿದ ಅರ್ಜಿಗಳೆಲ್ಲ ಬಿದ್ದುಹೋಗಿದ್ದವು. ಹೊರಗೆ ಇಬ್ಬರು ಗಂಡುಮಕ್ಕಳಿದ್ದರು, ಒಬ್ಬನಿಗೆ 10 ವರ್ಷ, ಇನ್ನೊಬ್ಬನಿಗೆ 6. ವಿದ್ಯುತ್ ಕುರ್ಚಿಗೆ ಗೊತ್ತು ಮಾಡಿದ್ದ ದಿನ ಜೂನ್ 18. 14 ವರ್ಷದ ಹಿಂದೆ ಅವರ ಮದುವೆಯಾಗಿದ್ದೂ ಅದೇ ತಾರೀಖಿನಂದು.

ಅಷ್ಟು ಹೊತ್ತಿಗೆ ಫೈಕ್ ಫಾರ್ಮರ್ ಎಂಬ ವಕೀಲರೊಬ್ಬರು ಬಂದರು. ಟೆನೆಸ್ಸಿ ರಾಜ್ಯದ ನ್ಯಾಶ್‌ವಿಲ್‌ನವರು. ರೋಸೆನ್‌ಬರ್ಗ್ ದಂಪತಿ ಇವರಿಗೆ ವಕಾಲತ್ತು ಕೊಟ್ಟಿರಲಿಲ್ಲ. ಕೊಡುವುದಿರಲಿ, ದಂಪತಿಯ ಸ್ವಂತ ವಕೀಲರೇ ಇವರು ಬರುವುದು ಬೇಡ ಎಂದಿದ್ದರು. ಫಾರ್ಮರ್ ಬಂದದ್ದು ಇರ್ವಿನ್ ಎಡೆಲ್ಮನ್ ಎಂಬ, ಲಾಸ್ ಏಂಜಲೀಸ್‌ನಲ್ಲಿ ಕರಪತ್ರ ಬರೆದು ಹಂಚುತ್ತಿದ್ದ ಮನುಷ್ಯನ ಪರವಾಗಿ. ಆ ಎಡೆಲ್ಮನ್‌ಗೂ ಜೈಲಿನಲ್ಲಿದ್ದವರಿಗೂ ನಂಟಿಲ್ಲ, ಪರಿಚಯವೂ ಇಲ್ಲ. ಅರ್ಜಿಯಲ್ಲಿ ಅವನನ್ನು ‘ನೆಕ್ಸ್ಟ್ ಫ್ರೆಂಡ್’ ಎಂದು ಬರೆದಿತ್ತು. ಮೈನರ್ ಮಕ್ಕಳ ಹೆಸರಿನ ಜಮೀನಿನ ದಾವೆಯಲ್ಲಿ ತಾಯಿಯೋ ಚಿಕ್ಕಪ್ಪನೋ ಸಹಿ ಹಾಕುತ್ತಾರಲ್ಲ, ಅದೇ ಪದ. ಆದರೆ ಇಲ್ಲಿ ತಾಯಿಯೂ ಅಲ್ಲ, ಚಿಕ್ಕಪ್ಪನೂ ಅಲ್ಲ, ಬೀದಿಯಲ್ಲಿ ಹೋಗುವವನು.

ಶಿಕ್ಷೆ ಕೊಟ್ಟಿದ್ದ ನ್ಯಾಯಾಧೀಶ ಇರ್ವಿಂಗ್ ಕಾಫ್ಮನ್ ಇವರನ್ನು ಕರೆಯದೆ ನುಗ್ಗಿದವರು ಎಂದು ಹೇಳಿ ಅರ್ಜಿ ತಳ್ಳಿಹಾಕಿದರು. ಫಾರ್ಮರ್ ಬಿಡಲಿಲ್ಲ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಅವರ ಬಳಿಗೆ ಹೋದರು. ಅವರ ಕೈಯಲ್ಲಿದ್ದದ್ದು ಒಂದೇ ಮಾತು, ಆದರೆ ತೂಕದ ಮಾತು. ದಂಪತಿಗೆ ಶಿಕ್ಷೆಯಾದದ್ದು 1917ರ ಗೂಢಚರ್ಯೆ ಕಾಯ್ದೆಯಡಿ. ಆ ಕಾಯ್ದೆಯಲ್ಲಿ ಮರಣದಂಡನೆ ಕೊಡುವುದು ನ್ಯಾಯಾಧೀಶರಿಗೆ ಬಿಟ್ಟದ್ದು. ಆದರೆ 1946ರಲ್ಲಿ ಅಣುಶಕ್ತಿ ಕಾಯ್ದೆ ಬಂದಿತ್ತು. ಅದರ ಪ್ರಕಾರ ಅಣು ಗುಟ್ಟಿನ ಕೇಸಿನಲ್ಲಿ ಜೀವ ತೆಗೆಯಬೇಕಾದರೆ ಜ್ಯೂರಿ, ಅಂದರೆ ತೀರ್ಪು ಹೇಳಲು ಕೂರಿಸಿದ ಸಾಮಾನ್ಯ ಜನರ ತಂಡ, ಶಿಫಾರಸು ಮಾಡಬೇಕು. ಸಂಚು 1950ರವರೆಗೂ ನಡೆಯಿತು ಅಂತ ಸರ್ಕಾರವೇ ಹೇಳಿತ್ತು. ಹಾಗಾದರೆ ಯಾವ ಕಾಯ್ದೆ ಅನ್ವಯವಾಗಬೇಕು? ಈ ಕೇಸಿನಲ್ಲಿ ಜ್ಯೂರಿ ಅಂಥ ಶಿಫಾರಸು ಮಾಡಿಯೇ ಇರಲಿಲ್ಲ.

ಎರಡು ವರ್ಷ ಕೇಸು ನಡೆಸಿದ ಎರಡೂ ಕಡೆಯ ವಕೀಲರಲ್ಲಿ ಯಾರೂ ಈ ಪ್ರಶ್ನೆಯನ್ನು ಕೋರ್ಟಿನ ಮುಂದೆ ಇಟ್ಟಿರಲಿಲ್ಲ. ಇಟ್ಟವನು ಕರೆಯದೆ ಬಂದವನು.

ಜೂನ್ 17ರಂದು ಡಗ್ಲಸ್ ತಡೆಯಾಜ್ಞೆ ಕೊಟ್ಟು ತಮ್ಮ ಕಾರಿನಲ್ಲಿ ರಜೆಗೆ ಪಶ್ಚಿಮದ ಕಡೆ ಹೊರಟುಹೋದರು. ಸರ್ಕಾರ ಸುಮ್ಮನಿರಲಿಲ್ಲ. ಅಟಾರ್ನಿ ಜನರಲ್ ಹರ್ಬರ್ಟ್ ಬ್ರೌನೆಲ್ ಕೇಳಿಕೊಂಡ ಮೇಲೆ ಮುಖ್ಯ ನ್ಯಾಯಮೂರ್ತಿ ಫ್ರೆಡ್ ವಿನ್ಸನ್ ರಜೆಯ ನಡುವೆಯೇ ಎಲ್ಲ ನ್ಯಾಯಮೂರ್ತಿಗಳನ್ನೂ ಕೂಡಿಸಿದರು. ಡಗ್ಲಸ್‌ಗೆ ಸುದ್ದಿ ಗೊತ್ತಾದದ್ದು ದಾರಿಯಲ್ಲಿ, ರೇಡಿಯೋದಿಂದ. ಅವರು ವಾಪಸ್ ಬಂದರು. 18ರಂದು ವಾದ ನಡೆಯಿತು. 19ರ ಮಧ್ಯಾಹ್ನ 6–3ರ ಬಹುಮತದಲ್ಲಿ ತಡೆಯಾಜ್ಞೆ ರದ್ದಾಯಿತು. ಎಡೆಲ್ಮನ್ ಈ ಕೇಸಿಗೆ ಹೊರಗಿನವನು, ಇಂಥ ಪದ್ಧತಿ ನಮಗೆ ಒಪ್ಪಿಗೆಯಿಲ್ಲ ಎಂದು ನ್ಯಾಯಮೂರ್ತಿ ರಾಬರ್ಟ್ ಜಾಕ್ಸನ್ ಬರೆದರು. ಅದೇ ಸಂಜೆ ರೋಸೆನ್‌ಬರ್ಗ್ ದಂಪತಿಯನ್ನು ಕೊಂದರು. ರಾತ್ರಿ 11ಕ್ಕೆ ಎಂದಿದ್ದದ್ದನ್ನು 8ಕ್ಕೆ ಎಳೆದರು. ಏಕೆಂದರೆ ಅದು ಶುಕ್ರವಾರ. ಅವರು ಯಹೂದಿಗಳು. ಸೂರ್ಯ ಮುಳುಗಿದರೆ ಅವರ ಪವಿತ್ರ ದಿನ ಶುರುವಾಗುತ್ತದೆ ಎಂಬ ‘ಗೌರವ’ ಅದು. ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರ ಭಿನ್ನ ತೀರ್ಪು ಪೂರ್ತಿಯಾಗಿ ಹೊರಬಂದಾಗ ಆ ಇಬ್ಬರೂ ಇರಲಿಲ್ಲ. ಈಗ ಬರೆದು ಏನು ಫಲ ಎಂಬ ದುಃಖ ಆ ಬರಹದಲ್ಲೇ ಇದೆ.

ಅವರು ತಪ್ಪು ಮಾಡಿದ್ದರೋ ಇಲ್ಲವೋ ಎಂಬುದು ಬೇರೆ ಚರ್ಚೆ, ಅದಕ್ಕೆ ನಾವಿಲ್ಲಿ ಕೈಹಾಕುವುದಿಲ್ಲ. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಪ್ರಶ್ನೆ. ಕ್ರಿಮಿನಲ್ ಕೇಸು ಅಂದರೆ ಒಂದು ಕಡೆ ಸರ್ಕಾರ, ಇನ್ನೊಂದು ಕಡೆ ಆರೋಪಿ. ಮೂರನೆಯವರಿಗೆ ಅಲ್ಲಿ ಏನು ಕೆಲಸ? ಅಮೆರಿಕದ ಕೋರ್ಟುಗಳು ಈ ಪ್ರಶ್ನೆಗೆ ಇವತ್ತಿಗೂ ಒಂದೇ ಉತ್ತರ ಕೊಟ್ಟಿಲ್ಲ.

ಮೊದಲು ಎರಡು ಪದ ಬಿಡಿಸಿಕೊಳ್ಳೋಣ. ಅಮೆರಿಕದಲ್ಲಿ ಕಳ್ಳತನ, ಕೊಲೆಯಂಥ ಬಹುಪಾಲು ಕೇಸುಗಳು ಆಯಾ ರಾಜ್ಯದ ಕೋರ್ಟಿನಲ್ಲಿ ನಡೆಯುತ್ತವೆ. ಗೂಢಚರ್ಯೆ, ಕೇಂದ್ರದ ತನಿಖಾಧಿಕಾರಿಗಳಿಗೆ ಸುಳ್ಳು ಹೇಳುವುದು, ಮತದಾನದ ಹಕ್ಕು ಕಸಿಯುವ ಸಂಚು, ಇಂಥವು ಕೇಂದ್ರ ಸರ್ಕಾರದ ಕಾಯ್ದೆಗೆ ಬರುತ್ತವೆ. ಇವಕ್ಕೆ ಫೆಡರಲ್ ಕೋರ್ಟು ಎಂಬ ಬೇರೆ ಸಾಲೇ ಇದೆ. ಕೆಳಗೆ ಜಿಲ್ಲಾ ಕೋರ್ಟು, ನಡುವೆ ಮೇಲ್ಮನವಿ ಕೋರ್ಟು, ಮೇಲೆ ಸುಪ್ರೀಂ ಕೋರ್ಟು.

ಎರಡನೆಯ ಪದ ಅಮಿಕಸ್ ಕ್ಯೂರಿ. ಲ್ಯಾಟಿನ್‌ನಲ್ಲಿ ‘ಕೋರ್ಟಿನ ಗೆಳೆಯ’ ಎಂದರ್ಥ. ನಮ್ಮ ಪತ್ರಿಕೆಗಳಲ್ಲಿ ಈ ಪದ ಓದಿರುತ್ತೀರಿ. ನಮ್ಮ ಕ್ರಿಮಿನಲ್ ಕೋರ್ಟುಗಳಲ್ಲಿ ಅದಕ್ಕೆ ಹೆಚ್ಚಾಗಿ ಬೇರೆಯೇ ಅರ್ಥ. ವಕೀಲರಿಲ್ಲದ ಬಡ ಆರೋಪಿಗೆ ಕೋರ್ಟೇ ನೇಮಿಸುವ ವಕೀಲರನ್ನೂ ನಾವು ಅಮಿಕಸ್ ಎನ್ನುತ್ತೇವೆ. ಜೀವಾವಧಿ ಅಥವಾ ಮರಣದಂಡನೆ ಆಗಬಹುದಾದ ಕೇಸಿನಲ್ಲಿ ಅಂಥವರಿಗೆ ಕನಿಷ್ಠ 10 ವರ್ಷ ಅನುಭವ ಇರಬೇಕೆಂದು ನಮ್ಮ ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಅಮಿಕಸ್ ಎಂದರೆ ಸಾಮಾನ್ಯವಾಗಿ ಕೇಸಿಗೆ ಸಂಬಂಧಪಡದ ವ್ಯಕ್ತಿ ಅಥವಾ ಸಂಘಟನೆ. ‘ಈ ಕೇಸಿನ ತೀರ್ಪು ನಮಗೂ ತಟ್ಟುತ್ತದೆ, ನಮ್ಮ ಮಾತನ್ನೂ ಕೇಳಿ’ ಎಂದು ಲಿಖಿತ ವಾದ ಹಿಡಿದು ಬಾಗಿಲಲ್ಲಿ ನಿಲ್ಲುವವರು.

ಈ ಬಾಗಿಲು ಅಮೆರಿಕದ್ದಲ್ಲ, ಇಂಗ್ಲೆಂಡಿನಿಂದ ಬಂದದ್ದು. ಸ್ವಾರಸ್ಯ ಏನೆಂದರೆ, ಅಲ್ಲಿ ಈ ಗೆಳೆಯನ ಹಳೆಯ ಕೆಲಸಗಳಲ್ಲಿ ಒಂದು ಕ್ರಿಮಿನಲ್ ಕೇಸಿನಲ್ಲೇ ಇತ್ತು. ಆರೋಪಪಟ್ಟಿಯಲ್ಲಿ ಎದ್ದು ಕಾಣುವ ದೋಷವಿದ್ದರೆ, ಸುಮ್ಮನೆ ಕೋರ್ಟಿನಲ್ಲಿ ಕೂತು ನೋಡುತ್ತಿರುವವನೂ ಎದ್ದು ಅದನ್ನು ತೋರಿಸಬಹುದಿತ್ತು. 1656ರ ಒಂದು ಕೇಸಿನಲ್ಲಿ ಕೋರ್ಟು ಇದಕ್ಕೆ ಕಾರಣವನ್ನೂ ಹೇಳಿದೆ: ತಪ್ಪು ಮಾಡದಂತೆ ತಡೆಯುವುದು ಕೋರ್ಟಿನ ಗೌರವಕ್ಕೇ ಒಳ್ಳೆಯದು. ಆ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಗಂಭೀರ ಅಪರಾಧದ ಆರೋಪಿಗೆ ತನ್ನ ಪರ ಪೂರ್ತಿ ವಾದಿಸುವ ವಕೀಲನನ್ನು ಇಟ್ಟುಕೊಳ್ಳುವ ಹಕ್ಕೇ ಇರಲಿಲ್ಲ. ಎಲ್ಲ ಆರೋಪಿಗಳಿಗೂ ಆ ಹಕ್ಕು ಬಂದದ್ದು 1836ರಲ್ಲಿ. ಕಟಕಟೆಯಲ್ಲಿ ಒಂಟಿಯಾಗಿ ನಿಂತವನಿಗೆ ಪಕ್ಕದ ಬೆಂಚಿನವನ ಒಂದು ಮಾತೂ ಪ್ರಾಣ ಉಳಿಸಬಹುದಿತ್ತು. ಇವತ್ತು ‘ಹೊರಗಿನವರು ತಲೆಹಾಕಬಾರದು’ ಎಂದು ಗದರುವವರು ಈ ಚರಿತ್ರೆಯನ್ನು ಮರೆತಿರುತ್ತಾರೆ ಎಂದು ನಮಗೆ ಅನ್ನಿಸುತ್ತದೆ.

ಆದರೆ ಹೊರಗಿನವರು ಯಾವಾಗಲೂ ಆರೋಪಿಯ ಪರವೇ ಬರುತ್ತಾರೆ ಎಂದೇನಿಲ್ಲ. ಆರೋಪಿಗೆ ಶಿಕ್ಷೆಯಾಗಲೇಬೇಕು ಎಂದು ಬಂದು, ಚರಿತ್ರೆ ಬದಲಿಸಿದವರೂ ಇದ್ದಾರೆ.

ಒಕ್ಲಹೋಮ ರಾಜ್ಯ. ಗುಲಾಮಗಿರಿ ಹೋಗಿ, 1870ರಲ್ಲಿ ಸಂವಿಧಾನದ 15ನೇ ತಿದ್ದುಪಡಿ ಬಂದು, ಬಣ್ಣದ ಕಾರಣಕ್ಕೆ ಯಾರ ಮತದಾನದ ಹಕ್ಕನ್ನೂ ಕಸಿಯುವಂತಿಲ್ಲ ಎಂದಾಗಿತ್ತು. ಹಾಗಾಗಿ ನೇರವಾಗಿ ಕರಿಯರಿಗೆ ಓಟಿಲ್ಲ ಎನ್ನುವ ಹಾಗಿಲ್ಲ. 1910ರಲ್ಲಿ ಒಕ್ಲಹೋಮ ಒಂದು ಉಪಾಯ ಹೂಡಿತು. ರಾಜ್ಯದ ಸಂವಿಧಾನದ ಯಾವುದೇ ಭಾಗ ಕೊಟ್ಟರೂ ಓದಿ ಬರೆಯಲು ಬರುವವರಿಗೆ ಮಾತ್ರ ಓಟು. ಆದರೆ ಒಂದು ರಿಯಾಯಿತಿ: 1866ರ ಜನವರಿ 1ರಂದು ಅಥವಾ ಅದಕ್ಕೂ ಮೊದಲು ಮತದಾನದ ಹಕ್ಕಿದ್ದವರಿಗೆ, ಅವರ ಮಕ್ಕಳು ಮೊಮ್ಮಕ್ಕಳಿಗೆ ಈ ಪರೀಕ್ಷೆ ಬೇಡ. ಆಗ ಬೇರೆ ದೇಶದಲ್ಲಿದ್ದವರ ಸಂತತಿಗೂ ಬೇಡ. 1866ರಲ್ಲಿ ಯಾರ ಅಜ್ಜನಿಗೆ ಓಟಿತ್ತು, ಯಾರ ಅಜ್ಜ ಗುಲಾಮನಾಗಿದ್ದ? ಲೆಕ್ಕ ಸುಲಭ. ಓದು ಬಾರದ ಬಿಳಿಯನಿಗೆ ಅಜ್ಜ ಓಟು ಕೊಡಿಸಿದ, ಓದು ಬಲ್ಲ ಕರಿಯನೂ ಮತಗಟ್ಟೆಯ ಅಧಿಕಾರಿ ಮನಸ್ಸು ಮಾಡಿದರೆ ಮಾತ್ರ ಪಾಸು. ಇದಕ್ಕೆ ‘ಅಜ್ಜನ ಕಲಂ’ ಎಂದೇ ಹೆಸರು ಬಿತ್ತು.

ಕೇಂದ್ರ ಸರ್ಕಾರ ಫ್ರಾಂಕ್ ಗಿನ್ ಮತ್ತು ಜೆ. ಜೆ. ಬೀಲ್ ಎಂಬ ಇಬ್ಬರು ಚುನಾವಣಾ ಅಧಿಕಾರಿಗಳ ಮೇಲೆ ಕ್ರಿಮಿನಲ್ ಕೇಸು ಹಾಕಿತು. ಕರಿಯ ನಾಗರಿಕರ ಓಟು ಕಸಿಯಲು ಸಂಚು ಮಾಡಿದ ಆರೋಪ. ಜ್ಯೂರಿ ತಪ್ಪಿತಸ್ಥರು ಎಂದಿತು. ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು.

ಆಗ ಎನ್‌ಎಎಸಿಪಿ ಎಂಬ ಸಂಘಟನೆಗೆ ಇನ್ನೂ ನಾಲ್ಕೈದು ವರ್ಷ. 1909ರಲ್ಲಿ ಕರಿಯರ ಹಕ್ಕಿಗಾಗಿ ಹುಟ್ಟಿದ್ದು. ಈ ಕೇಸಿನಲ್ಲಿ ಅದು ಕಕ್ಷಿದಾರ ಅಲ್ಲ. ಸರ್ಕಾರ ಒಂದು ಕಡೆ, ಅಧಿಕಾರಿಗಳು ಇನ್ನೊಂದು ಕಡೆ. ಯಾರ ಓಟು ಹೋಯಿತೋ ಅವರ ಹೆಸರು ಕೇಸಿನ ತಲೆಬರಹದಲ್ಲಿ ಎಲ್ಲೂ ಇಲ್ಲ. ಕ್ರಿಮಿನಲ್ ಕೇಸಿನ ಗುಣವೇ ಅದು. ಪೆಟ್ಟು ತಿಂದವನು ಸಾಕ್ಷಿ ಆಗಬಹುದು, ಕಕ್ಷಿದಾರ ಆಗುವುದಿಲ್ಲ. ಎನ್‌ಎಎಸಿಪಿ ಅಧ್ಯಕ್ಷ ಮೂರ್‌ಫೀಲ್ಡ್ ಸ್ಟೋರಿ ತಾವೇ ವಕೀಲರು. ಕೋರ್ಟಿನ ಗೆಳೆಯನಾಗಿ ಲಿಖಿತ ವಾದ ಸಲ್ಲಿಸಿದರು. ಆ ಸಂಘಟನೆ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ್ದು ಅದೇ ಮೊದಲು, ಅದೂ ಹೊರಗಿನವನಾಗಿ.

1915ರ ಜೂನ್ 21ರಂದು ತೀರ್ಪು ಬಂತು. ಒಂದೇ ಒಂದು ವಿರೋಧವಿಲ್ಲದೆ ಅಜ್ಜನ ಕಲಂ ಬಿದ್ದುಹೋಯಿತು. ಬರೆದವರು ಮುಖ್ಯ ನ್ಯಾಯಮೂರ್ತಿ ಎಡ್ವರ್ಡ್ ವೈಟ್. ಹುಡುಗನಾಗಿದ್ದಾಗ ಗುಲಾಮಗಿರಿಯ ಪರ ಬಂಡೆದ್ದ ದಕ್ಷಿಣದ ಸೈನ್ಯದಲ್ಲಿದ್ದವರು! ಸರ್ಕಾರದ ಪರ ವಾದಿಸಿ ಗೆದ್ದವರು ಜಾನ್ ಡೇವಿಸ್. ಮುಂದೆ 1950ರ ದಶಕದಲ್ಲಿ ಇದೇ ಡೇವಿಸ್, ಕರಿಯ ಮಕ್ಕಳಿಗೆ ಬೇರೆ ಶಾಲೆ ಇರಲಿ ಎಂದು ವಾದಿಸಿ ಸೋತರು. ಆಗ ಎದುರಿಗೆ ನಿಂತು ಗೆದ್ದದ್ದು ಎನ್‌ಎಎಸಿಪಿ ವಕೀಲರು. 1915ರಲ್ಲಿ ಬಾಗಿಲ ಬಳಿ ನಿಂತಿದ್ದವರು ಅಷ್ಟರಲ್ಲಿ ಒಳಗೆ ಬಂದಿದ್ದರು.

ಒಕ್ಲಹೋಮ ಮಾತ್ರ ಬುದ್ಧಿ ಕಲಿಯಲಿಲ್ಲ. ಮರುವರ್ಷವೇ ಹೊಸ ಕಾನೂನು ತಂದಿತು. 1914ರಲ್ಲಿ ಓಟು ಹಾಕಿದವರೆಲ್ಲ ತಾವಾಗಿಯೇ ಪಟ್ಟಿಯಲ್ಲಿ, ಉಳಿದವರು ಹನ್ನೆರಡೇ ದಿನದಲ್ಲಿ ಬಂದು ಹೆಸರು ಬರೆಸಬೇಕು, ತಪ್ಪಿದರೆ ಶಾಶ್ವತವಾಗಿ ಹೊರಗೆ. ಅದು ಬೀಳಲು 1939ರವರೆಗೆ ಕಾಯಬೇಕಾಯಿತು.

ಎರಡನೇ ಮಹಾಯುದ್ಧದ ಕಾಲದಲ್ಲಿ ಇನ್ನೊಂದು ಕೇಸು. ಜಪಾನಿ ಮೂಲದ ಅಮೆರಿಕನ್ನರನ್ನೆಲ್ಲ ಪಶ್ಚಿಮ ಕರಾವಳಿಯಿಂದ ಎತ್ತಂಗಡಿ ಮಾಡಿದಾಗ ಹೋಗಲೊಪ್ಪದೆ ಉಳಿದ ಫ್ರೆಡ್ ಕೊರೆಮಾಟ್ಸು ಎಂಬ ಯುವಕನ ಮೇಲೆ ಕ್ರಿಮಿನಲ್ ಕೇಸು. ಅವನ ಪರ ಜಪಾನಿ ಅಮೆರಿಕನ್ನರ ಸಂಘ ಲಿಖಿತ ವಾದ ಕೊಟ್ಟಿತು, ಸರ್ಕಾರದ ಪರ ಕ್ಯಾಲಿಫೋರ್ನಿಯ ಮುಂತಾದ ರಾಜ್ಯಗಳು ಕೊಟ್ಟವು. 1944ರಲ್ಲಿ 6–3ರಿಂದ ಕೊರೆಮಾಟ್ಸು ಸೋತ. ಶಿಕ್ಷೆ ರದ್ದಾದದ್ದು 1983ರಲ್ಲಿ. ಕೋರ್ಟಿಗೆ ಗೆಳೆಯರು ಬಂದ ಮಾತ್ರಕ್ಕೆ ಕೋರ್ಟು ಕೇಳುತ್ತದೆ ಎಂದಲ್ಲ.

ಯುದ್ಧ ಮುಗಿದ ಮೇಲೆ ಗೆಳೆಯರ ಸಂಖ್ಯೆ ಜಾಸ್ತಿಯಾಯಿತು, ಕೋರ್ಟಿಗೆ ತಲೆನೋವೂ ಶುರುವಾಯಿತು. 1947ರಲ್ಲಿ ಹಾಲಿವುಡ್‌ನ ಹತ್ತು ಮಂದಿ ಬರಹಗಾರರು, ನಿರ್ದೇಶಕರು ‘ನೀನು ಕಮ್ಯುನಿಸ್ಟನೇ’ ಎಂಬ ಸಂಸದೀಯ ಸಮಿತಿಯ ಪ್ರಶ್ನೆಗೆ ಉತ್ತರಿಸಲು ಒಪ್ಪದೆ ಕ್ರಿಮಿನಲ್ ಕೇಸು ಎದುರಿಸಿದರು. ಅವರ ಮೇಲ್ಮನವಿಗೆ ಹತ್ತಾರು ಸಂಘಟನೆಗಳು ಬೆಂಬಲದ ವಾದ ಹೊತ್ತು ಬಂದವು. ವಾದ ಕಡಿಮೆ, ಘೋಷಣೆ ಹೆಚ್ಚು ಎಂಬ ಗೊಣಗಾಟ ಎದ್ದಿತು. 1949ರಲ್ಲಿ ಸುಪ್ರೀಂ ಕೋರ್ಟು ನಿಯಮ ಬಿಗಿ ಮಾಡಿತು. ಎರಡೂ ಕಡೆಯವರು ಲಿಖಿತವಾಗಿ ಒಪ್ಪಬೇಕು, ಇಲ್ಲವೇ ಕೋರ್ಟಿನ ಅನುಮತಿ ಕೇಳಬೇಕು. ಫೆಡರಲ್ ಕ್ರಿಮಿನಲ್ ಕೇಸಿನಲ್ಲಿ ಒಂದು ಕಡೆ ಯಾವಾಗಲೂ ಸರ್ಕಾರವೇ ಅಲ್ಲವೇ? ಸರ್ಕಾರದ ವಕೀಲರು ಬಹುತೇಕ ಎಲ್ಲರಿಗೂ ಒಪ್ಪಿಗೆ ಇಲ್ಲ ಎನ್ನಲು ಶುರುಮಾಡಿದರು. ಜಗಳ ಮಾಡುವವನ ಕೈಗೇ ಪಂಚಾಯಿತಿ ಕಟ್ಟೆಯ ಬೀಗ ಕೊಟ್ಟ ಹಾಗಾಯಿತು. ನ್ಯಾಯಮೂರ್ತಿಗಳೇ ಬೇಸರ ತೋರಿದ ಮೇಲೆ ಆ ಪಟ್ಟು ಸಡಿಲವಾಯಿತು.

ರೋಸೆನ್‌ಬರ್ಗ್ ಕೇಸು ಬಂದದ್ದು ಇದೇ ವಾತಾವರಣದಲ್ಲಿ ಎಂಬುದನ್ನು ನೆನಪಿಡಿ.

ಇನ್ನು ನಮ್ಮ ಕಾಲಕ್ಕೆ ಬರೋಣ. 2017ರ ಡಿಸೆಂಬರ್ 1ರಂದು, ಅಧ್ಯಕ್ಷ ಟ್ರಂಪ್ ಅವರ ರಾಷ್ಟ್ರೀಯ ಭದ್ರತಾ ಸಲಹೆಗಾರರಾಗಿದ್ದ ಮೈಕೆಲ್ ಫ್ಲಿನ್ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡರು. ರಷ್ಯಾದ ರಾಯಭಾರಿಯ ಜತೆ ಆಡಿದ ಮಾತಿನ ಬಗ್ಗೆ ಎಫ್‌ಬಿಐಗೆ ಸುಳ್ಳು ಹೇಳಿದ್ದು ಅಪರಾಧ. ಕೇಸು ವಾಷಿಂಗ್ಟನ್ನಿನ ಜಿಲ್ಲಾ ನ್ಯಾಯಾಧೀಶ ಎಮೆಟ್ ಸಲಿವನ್ ಅವರ ಮುಂದೆ ಬಂತು. ಅದೇ ತಿಂಗಳು ಒಬ್ಬ ಖಾಸಗಿ ವ್ಯಕ್ತಿ, ನನಗೂ ಹೇಳುವುದಿದೆ ಎಂದು ಅರ್ಜಿ ಮೇಲೆ ಅರ್ಜಿ ಹಾಕಿದ. ಸಲಿವನ್ ಮರ್ಯಾದೆಯಿಂದಲೇ ಬಾಗಿಲು ಮುಚ್ಚಿದರು. ಕ್ರಿಮಿನಲ್ ನಿಯಮಾವಳಿಯಲ್ಲಿ ಮೂರನೆಯವರ ಪ್ರವೇಶಕ್ಕೆ ಜಾಗವಿಲ್ಲ, ನಿಮ್ಮ ಕಳಕಳಿ ಅರ್ಥವಾಗುತ್ತದೆ, ಸಾರ್ವಜನಿಕ ವಿಷಯದಲ್ಲಿ ಅಭಿಪ್ರಾಯ ಹೇಳಲು ನಾಗರಿಕನಿಗೆ ಬೇರೆ ದಾರಿಗಳಿವೆ, ಈ ಕೋರ್ಟಿನ ಕಡತ ಆ ದಾರಿಯಲ್ಲ ಎಂಬುದು ಅವರ ಆದೇಶದ ಸಾರ. ಹೀಗೆ ಹೊರಗಿನವರ ಮನವಿ ತಿರಸ್ಕರಿಸಿದ್ದು 24 ಸಲ ಎಂದು ಫ್ಲಿನ್ ವಕೀಲರು ಮುಂದೆ ಲೆಕ್ಕ ಕೊಟ್ಟರು.

ಆ ಲೆಕ್ಕ ಅವರು ಕೊಟ್ಟದ್ದು ಏಕೆ ಗೊತ್ತೇ? 25ನೇ ಸಲ ಬಾಗಿಲು ತೆರೆಯಿತು.

2020ರ ಮೇ 7ರಂದು ಸರ್ಕಾರವೇ, ಈ ಕೇಸು ಬೇಡ, ವಜಾ ಮಾಡಿ ಎಂದು ಅರ್ಜಿ ಹಾಕಿತು. ಆರೋಪಿ ಎರಡೆರಡು ಸಲ ಪ್ರಮಾಣ ಮಾಡಿ ತಪ್ಪೊಪ್ಪಿಕೊಂಡಿದ್ದಾನೆ, ಶಿಕ್ಷೆ ಪ್ರಕಟಿಸುವುದಷ್ಟೇ ಬಾಕಿ, ಆಗ ಕೇಸು ಹಾಕಿದವರೇ ಹಿಂದೆ ಸರಿಯುತ್ತಿದ್ದಾರೆ. ಆರೋಪಿಗೂ ಅದೇ ಬೇಕು. ಕೋರ್ಟಿನಲ್ಲಿ ಎರಡು ಕಡೆ ಎಂಬುದೇ ಉಳಿಯಲಿಲ್ಲ, ಇಬ್ಬರೂ ಒಂದೇ ಕಡೆ. ಆದರೆ ಅಮೆರಿಕದ ಕ್ರಿಮಿನಲ್ ನಿಯಮ 48ರ ಪ್ರಕಾರ ಸರ್ಕಾರ ಕೇಸು ಕೈಬಿಡಬೇಕಾದರೆ ಕೋರ್ಟಿನ ಅನುಮತಿ ಬೇಕು. ನಮ್ಮಲ್ಲೂ ಇದೆ ಇದು. ಹೋರಾಟಗಾರರ ಮೇಲಿನ ಕೇಸು ವಾಪಸ್ ಎಂದು ಸಂಪುಟ ತೀರ್ಮಾನಿಸಿದರೂ ನ್ಯಾಯಾಧೀಶರು ಒಪ್ಪಬೇಕು. ಹಿಂದೆ ಸಿಆರ್‌ಪಿಸಿಯ 321ನೇ ಕಲಂ, ಈಗ ಬಿಎನ್‌ಎಸ್‌ಎಸ್‌ನ 360. ಹೊಸ ಕಲಮಿನಲ್ಲಿ ಸಂತ್ರಸ್ತರ ಮಾತು ಕೇಳದೆ ಒಪ್ಪಿಗೆ ಕೊಡುವಂತಿಲ್ಲ ಎಂದೂ ಸೇರಿಸಿದ್ದಾರೆ. ಆದರೆ ಇಬ್ಬರೂ ಒಂದೇ ಮಾತು ಹೇಳುವಾಗ ಆ ಅನುಮತಿ ಕೊಡಬೇಕೋ ಬೇಡವೋ ಎಂದು ನ್ಯಾಯಾಧೀಶರು ಯಾರನ್ನು ಕೇಳಬೇಕು?

ಸಲಿವನ್ ನಿವೃತ್ತ ಫೆಡರಲ್ ನ್ಯಾಯಾಧೀಶ ಜಾನ್ ಗ್ಲೀಸನ್ ಅವರನ್ನು ಅಮಿಕಸ್ ಆಗಿ ನೇಮಿಸಿದರು. ಕೆಲಸ: ಸರ್ಕಾರದ ಅರ್ಜಿಯ ವಿರುದ್ಧ ವಾದ ಮಂಡಿಸುವುದು. ಹೊರಗಿನ ಬೇರೆಯವರೂ ಲಿಖಿತ ವಾದಕ್ಕೆ ಅನುಮತಿ ಕೇಳುವ ನಿರೀಕ್ಷೆಯಿದೆ, ಅದಕ್ಕೆ ದಿನ ಗೊತ್ತುಮಾಡುತ್ತೇನೆ ಎಂದೂ ಹೇಳಿದರು. ವಾಟರ್‌ಗೇಟ್ ಹಗರಣದ ಕಾಲದ ಮಾಜಿ ಸರ್ಕಾರಿ ವಕೀಲರ ಗುಂಪೊಂದು ಆಗಲೇ ಬಾಗಿಲಲ್ಲಿತ್ತು.

ಫ್ಲಿನ್ ವಕೀಲರಿಗೆ ಸಿಟ್ಟು ಬಂದದ್ದರಲ್ಲಿ ಅರ್ಥವಿಲ್ಲದಿಲ್ಲ. 24 ಸಲ ಇಲ್ಲ ಎಂದವರು, ಆರೋಪಿಗೆ ಬಿಡುಗಡೆ ಸಿಗುವ ಹೊತ್ತಿಗೆ ಹೌದು ಎಂದರೆ? ಅದೂ ಗ್ಲೀಸನ್ ಎರಡೇ ದಿನ ಮೊದಲು ಪತ್ರಿಕೆಯಲ್ಲಿ ಈ ಕೇಸಿನ ಬಗ್ಗೆ ಸರ್ಕಾರದ ನಡೆಯನ್ನು ಪ್ರಶ್ನಿಸಿ ಲೇಖನ ಬರೆದಿದ್ದವರು. ಕೇಸು ಹಾಕುವುದು, ಬಿಡುವುದು ಸರ್ಕಾರದ ಅಧಿಕಾರ. ನ್ಯಾಯಾಧೀಶರೇ ಬಾಡಿಗೆ ಪ್ರಾಸಿಕ್ಯೂಟರ್ ತಂದುಕೊಂಡರೆ ಆರೋಪಿ ಯಾರ ಜತೆ ಹೋರಾಡಬೇಕು? ಇದು ರಾಜಕೀಯದ ಮಾತಷ್ಟೇ ಅಲ್ಲ. ಕಾಕತಾಳೀಯವೋ ಏನೋ, ಸರ್ಕಾರ ಆ ಅರ್ಜಿ ಹಾಕಿದ ಅದೇ ಮೇ 7ರಂದು ಸುಪ್ರೀಂ ಕೋರ್ಟು ಇನ್ನೊಂದು ಕ್ರಿಮಿನಲ್ ಕೇಸಿನಲ್ಲಿ ಇದೇ ವಿಷಯದ ಮೇಲೆ ಕೆಳಗಿನ ಕೋರ್ಟಿಗೆ ಚಾಟಿ ಬೀಸಿತ್ತು. ಎವೆಲಿನ್ ಸಿನೆನೆಂಗ್-ಸ್ಮಿತ್ ಎಂಬ ವಲಸೆ ಸಲಹೆಗಾರ್ತಿಯ ಕೇಸದು. ಮೇಲ್ಮನವಿ ಕೋರ್ಟು ಆಕೆಯ ವಕೀಲರು ಎತ್ತದ ಪ್ರಶ್ನೆಯನ್ನು ತಾನೇ ಎತ್ತಿ, ಮೂರು ಸಂಘಟನೆಗಳನ್ನು ಕರೆಸಿ ವಾದ ಮಾಡಿಸಿತ್ತು. ಗೆಳೆಯರಿಗೆ 20 ನಿಮಿಷ, ಆಕೆಯ ಸ್ವಂತ ವಕೀಲರಿಗೆ 10 ನಿಮಿಷ! ಕೇಸನ್ನು ಕಟ್ಟುವುದು ಕಕ್ಷಿದಾರರ ಕೆಲಸ, ಕೋರ್ಟಿನದಲ್ಲ ಎಂದು ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ಬರೆದರು, ಒಂಬತ್ತೂ ಮಂದಿ ಒಪ್ಪಿದರು.

ಫ್ಲಿನ್ ಕೇಸು ಮೇಲೆ ಹೋಗಿ ಕೆಳಗೆ ಬಂತು. ಜೂನ್‌ನಲ್ಲಿ ಮೇಲ್ಮನವಿ ಕೋರ್ಟಿನ ಮೂವರ ಪೀಠ 2–1ರಿಂದ, ವಾದ ವಿವಾದ ಸಾಕು, ಕೇಸು ವಜಾ ಮಾಡಿ ಎಂದಿತು. ಆಗಸ್ಟ್ 31ರಂದು ಪೂರ್ಣ ಪೀಠ 8–2ರಿಂದ ಅದನ್ನು ತಿರುಗಿಸಿ, ಸಲಿವನ್ ಮೊದಲು ವಿಚಾರಣೆ ಮುಗಿಸಲಿ ಎಂದಿತು. ಅಷ್ಟರಲ್ಲಿ ನವೆಂಬರ್ 25ರಂದು ಟ್ರಂಪ್ ಕ್ಷಮಾದಾನ ಕೊಟ್ಟರು. ಡಿಸೆಂಬರ್ 8ರಂದು ಕೇಸು ಮುಚ್ಚಿತು. ಆ ಸಂದರ್ಭದಲ್ಲಿ ಮೂರನೆಯವರನ್ನು ಕರೆಯುವುದು ಸರಿಯೋ ತಪ್ಪೋ ಎಂಬ ಪ್ರಶ್ನೆ ಹಾಗೇ ತೂಗಿಕೊಂಡು ಉಳಿಯಿತು.

ಅದಕ್ಕೆ ಒಂದು ಬಗೆಯ ಉತ್ತರ ಸಿಕ್ಕಿದ್ದು 2025ರಲ್ಲಿ, ನ್ಯೂಯಾರ್ಕಿನಲ್ಲಿ. ಅಲ್ಲಿನ ಮೇಯರ್ ಎರಿಕ್ ಆಡಮ್ಸ್ ಮೇಲೆ ಲಂಚ, ವಿದೇಶಿ ದೇಣಿಗೆಯ ಕೇಸಿತ್ತು. ಏಪ್ರಿಲ್‌ನಲ್ಲಿ ವಿಚಾರಣೆ ಶುರುವಾಗಬೇಕು. ಫೆಬ್ರುವರಿಯಲ್ಲಿ ಹೊಸ ಸರ್ಕಾರದ ನ್ಯಾಯ ಇಲಾಖೆ ಕೇಸು ಕೈಬಿಡಲು ಆದೇಶಿಸಿತು. ವಲಸಿಗರ ವಿರುದ್ಧದ ಕೆಲಸಕ್ಕೆ ಮೇಯರ್ ಬೇಕು, ಕೇಸು ಅದಕ್ಕೆ ಅಡ್ಡಿ ಎಂಬುದು ಕೊಟ್ಟ ಕಾರಣಗಳಲ್ಲಿ ಒಂದು. ಅಲ್ಲಿನ ಹಂಗಾಮಿ ಮುಖ್ಯ ಸರ್ಕಾರಿ ವಕೀಲೆ ಡೇನಿಯೆಲ್ ಸಸೂನ್, ನಾನು ಸಹಿ ಹಾಕುವುದಿಲ್ಲ ಎಂದು ರಾಜೀನಾಮೆ ಕೊಟ್ಟರು. ಇನ್ನೂ ಹಲವರು ಹೋದರು. ಕೊನೆಗೆ ಅರ್ಜಿ ಬಂತು, ಅದರಲ್ಲೊಂದು ಕೊಕ್ಕೆ: ಬೇಕೆನಿಸಿದರೆ ಇದೇ ಕೇಸನ್ನು ಮತ್ತೆ ಹಾಕುವ ಹಕ್ಕು ಸರ್ಕಾರಕ್ಕೆ ಉಳಿಯಬೇಕು. ಆಡಮ್ಸ್ ಒಪ್ಪಿದ್ದರು.

ನ್ಯಾಯಾಧೀಶ ಡೇಲ್ ಹೋ ಅವರ ಮುಂದೆ ಮತ್ತೆ ಅದೇ ಸ್ಥಿತಿ, ಎದುರು ಮಾತಾಡುವವರೇ ಇಲ್ಲ. ಫೆಬ್ರುವರಿ 21ರಂದು ಅವರು ಪಾಲ್ ಕ್ಲೆಮೆಂಟ್ ಅವರನ್ನು ಅಮಿಕಸ್ ಮಾಡಿದರು. ಸರ್ಕಾರದ ವಿರುದ್ಧ ವಾದಿಸಿ ಎಂದಲ್ಲ, ಕಾನೂನು ಏನು ಹೇಳುತ್ತದೆ ತಿಳಿಸಿ ಎಂದು. ಕ್ಲೆಮೆಂಟ್ ಅದೇ ರಿಪಬ್ಲಿಕನ್ ಪಕ್ಷದ ಬುಷ್ ಸರ್ಕಾರದಲ್ಲಿ ಸಾಲಿಸಿಟರ್ ಜನರಲ್ ಆಗಿದ್ದವರು, ಹಾಗಾಗಿ ‘ಎದುರು ಪಾರ್ಟಿಯವರು’ ಎಂಬ ಮಾತಿಗೆ ಆಸ್ಪದವಿರಲಿಲ್ಲ. ಅವರ ವರದಿ ಸಣ್ಣದು, ಸರಳ. ಕೇಸು ಮುಂದುವರಿಸಿ ಎಂದು ಸರ್ಕಾರವನ್ನು ಕೋರ್ಟು ಬಲವಂತ ಮಾಡಲಾಗದು. ಆದರೆ ಮತ್ತೆ ಹಾಕುವ ಹಕ್ಕು ಉಳಿಸಿ ಬಿಟ್ಟರೆ ಚುನಾಯಿತ ಮೇಯರ್ ತಲೆ ಮೇಲೆ ಕತ್ತಿ ತೂಗುತ್ತಿರುತ್ತದೆ. ವಜಾ ಮಾಡುವುದಾದರೆ ಶಾಶ್ವತವಾಗಿ ಮಾಡಿ. ಏಪ್ರಿಲ್ 2ರಂದು ಹೋ ಹಾಗೇ ಮಾಡಿದರು. ಇಡೀ ವ್ಯವಹಾರ ಕೊಡು ಕೊಳ್ಳುವಿಕೆಯ ವಾಸನೆ ಹೊಡೆಯುತ್ತದೆ ಎಂದೂ ಆದೇಶದಲ್ಲಿ ದಾಖಲಿಸಿದರು. ಸರ್ಕಾರ ಕೇಳಿರದ ದಾರಿ ಅದು. ಮೂರನೆಯವರೂ ಅದನ್ನೇ ಸೂಚಿಸಿದ್ದರು. ಅದರಿಂದ ಲಾಭವಾದದ್ದು ಆರೋಪಿಗೇ.

ಇದನ್ನೆಲ್ಲ ಓದುವಾಗ ನಮಗೆ ನೆನಪಾದದ್ದು ಬೆಂಗಳೂರು. ಜಯಲಲಿತಾ ಅವರ ಅಕ್ರಮ ಆಸ್ತಿ ಕೇಸು ತಮಿಳುನಾಡಿನಿಂದ ಇಲ್ಲಿಗೆ ಬಂದದ್ದು 2003ರಲ್ಲಿ, ಡಿಎಂಕೆಯ ಕೆ. ಅನ್ಬಳಗನ್ ಸುಪ್ರೀಂ ಕೋರ್ಟಿಗೆ ಹೋದ ಮೇಲೆ. ಅಲ್ಲಿ ಆಕೆಯ ಸರ್ಕಾರವೇ ಇರುವಾಗ ಆಕೆಯ ವಿರುದ್ಧ ಸರ್ಕಾರಿ ವಕೀಲರು ಮನಸ್ಸಿಟ್ಟು ವಾದಿಸುತ್ತಾರೆಯೇ ಎಂಬುದೇ ಅನುಮಾನದ ಮೂಲ. 2014ರಲ್ಲಿ ನ್ಯಾಯಾಧೀಶ ಜಾನ್ ಮೈಕೆಲ್ ಕುನ್ಹ ಶಿಕ್ಷೆ ಕೊಟ್ಟರು. ಮೇಲ್ಮನವಿ ಕರ್ನಾಟಕ ಹೈಕೋರ್ಟಿಗೆ ಬಂದಾಗ ವಾದಿಸಿದ ಸರ್ಕಾರಿ ವಕೀಲರ ನೇಮಕವೇ ಸರಿಯಿಲ್ಲ ಎಂದು ಸುಪ್ರೀಂ ಕೋರ್ಟು 2015ರ ಏಪ್ರಿಲ್ 27ರಂದು ಹೇಳಿ, ಅನ್ಬಳಗನ್ ಮತ್ತು ಕರ್ನಾಟಕ ಸರ್ಕಾರ ಲಿಖಿತ ವಾದ ಸಲ್ಲಿಸಲು ಬಿಟ್ಟಿತು. ರಾಜಕೀಯ ಎದುರಾಳಿಯ ಕೈಯಿಂದ ಕ್ರಿಮಿನಲ್ ಕೇಸಿಗೆ ಬಂದ ಕಾಗದ ಅದು. ಹೈಕೋರ್ಟು ಮೇ 11ರಂದು ಎಲ್ಲರನ್ನೂ ಬಿಡುಗಡೆ ಮಾಡಿತು. 2017ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಕುನ್ಹ ತೀರ್ಪನ್ನೇ ಎತ್ತಿಹಿಡಿಯಿತು. ಅಷ್ಟರಲ್ಲಿ ಜಯಲಲಿತಾ ತೀರಿಕೊಂಡಿದ್ದರು.

ಹಾಗಾದರೆ ಇವತ್ತು ಅಮೆರಿಕದಲ್ಲಿ ಹೊರಗಿನವರೊಬ್ಬರು ಫೆಡರಲ್ ಕ್ರಿಮಿನಲ್ ಕೇಸಿಗೆ ಲಿಖಿತ ವಾದ ಕೊಡಬೇಕೆಂದರೆ ಏನಾಗುತ್ತದೆ? ಸುಪ್ರೀಂ ಕೋರ್ಟಿನಲ್ಲಾದರೆ 2023ರ ಜನವರಿಯಿಂದ ಯಾರ ಒಪ್ಪಿಗೆಯೂ ಬೇಡ. ಅಲ್ಲಿನ ವಕೀಲರ ಮೂಲಕ ನಿಯಮದಂತೆ, ಹೇಳಿದ ದಿನದೊಳಗೆ ಕೊಟ್ಟರಾಯಿತು. ಮೇಲ್ಮನವಿ ಕೋರ್ಟಿನಲ್ಲಿ 29ನೇ ನಿಯಮ ಇದೆ. ಎರಡೂ ಕಡೆಯವರ ಒಪ್ಪಿಗೆ ಅಥವಾ ಕೋರ್ಟಿನ ಅನುಮತಿ ಬೇಕು. ಸಾಕ್ಷಿ ಹೇಳಿಕೆ ನಡೆಯುವ, ಜ್ಯೂರಿ ಕೂರುವ, ಮನುಷ್ಯರ ಹಣೆಬರಹ ಬಹುಪಾಲು ತೀರ್ಮಾನವಾಗುವ ಜಿಲ್ಲಾ ಕೋರ್ಟಿನಲ್ಲಿ ಮಾತ್ರ ಕ್ರಿಮಿನಲ್ ನಿಯಮಾವಳಿ ಈ ಬಗ್ಗೆ ಒಂದು ಸಾಲೂ ಹೇಳುವುದಿಲ್ಲ. ಬಿಡುವುದೂ ಬಿಡದಿರುವುದೂ ಆ ನ್ಯಾಯಾಧೀಶರ ಇಷ್ಟ. 2024ರ ಜೂನ್‌ನಲ್ಲಿ ಟ್ರಂಪ್ ಅವರ ರಹಸ್ಯ ಕಡತಗಳ ಕೇಸಿನಲ್ಲಿ ಫ್ಲಾರಿಡಾದ ನ್ಯಾಯಾಧೀಶೆ ಐಲೀನ್ ಕ್ಯಾನನ್ ಹೊರಗಿನ ವಕೀಲರಿಗೆ ಎದ್ದು ನಿಂತು ವಾದ ಮಾಡಲೂ ಬಿಟ್ಟರು. ಜುಲೈ 15ರಂದು, ಅವರಲ್ಲಿ ಕೆಲವರು ಎತ್ತಿಹಿಡಿದಿದ್ದ ಆಕ್ಷೇಪವನ್ನೇ ಒಪ್ಪಿ ಕೇಸು ವಜಾ ಮಾಡಿದರು. ಮೊಕದ್ದಮೆ ನಡೆಸುತ್ತಿದ್ದ ವಿಶೇಷ ವಕೀಲರ ನೇಮಕವೇ ಸಂವಿಧಾನಕ್ಕೆ ಒಪ್ಪುವುದಿಲ್ಲ ಎಂಬುದು ಆ ಆಕ್ಷೇಪ. ಅದೇ ದೇಶದ ಬೇರೊಂದು ಜಿಲ್ಲಾ ಕೋರ್ಟಿನಲ್ಲಿ ಅಂಥದೇ ಕಾಗದಕ್ಕೆ ಒಂದು ಸಾಲಿನ ‘ತಿರಸ್ಕರಿಸಲಾಗಿದೆ’ ಎಂಬ ಉತ್ತರವೂ ಬರಬಹುದು.